ನಂದಿಗುಡಿ ದಾರಿಯ ಕಡಲ ಕಲ್ಲು

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಎದುರು ಮನೆಯ ಹುಡುಗಿ ಸುಮಾ ಈಚೆಗೆ ರಸ್ತೆ ಇಲಾಖೆಗೆ ಇಂಜಿನಿಯರಾಗಿ ಸೇರಿದಳು. ಆರ್ಡರು ಬಂದ ದಿನ ಪೇಡೆ ಹಿಡಿದುಕೊಂಡು ಬಂದು, "ಅಜ್ಜಾ, ಇದೇ ಕೆಲ್ಸದಾಗ ಕೂದ್ಲು ಬೆಳ್ಳಗೆ ಮಾಡ್ಕಂಡೋರು ನೀವು. ರಸ್ತೆ ಕೆಲ್ಸದಾಗ ಮುಖ್ಯ ಏನು, ಹೇಳ್ರಿ" ಎಂದಳು. ಟಾರು, ಜಲ್ಲಿ, ಲೆವೆಲ್ಲು ಎಂದೇನಾದರೂ ಹೇಳುತ್ತೇನೆಂದು ಕಾದಿದ್ದಳು. "ಕಲ್ಲು" ಎಂದೆ. ನಕ್ಕಳು. ವಯಸ್ಸಾದವರು ಏನು ಹೇಳಿದರೂ ಈಗಿನವರಿಗೆ ನಗು. ಪೇಡೆ ಮಾತ್ರ ಚೆನ್ನಾಗಿತ್ತು. ಅಂದು ಅವಳಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಅದಕ್ಕೆ ಅಡ್ಡಗಾಲು ಹಾಕಿದರು ಎಂಬುದೆಲ್ಲ ಬೇಡ. ಆ ಮಾತು ಶುರುವಾದರೆ ನನ್ನ ಹೆಂಡತಿಯೇ ಎದ್ದು ಅಡಿಗೆಮನೆಗೆ ಹೋಗುತ್ತಾಳೆ.

ನಾನು ಹರಿಹರದ ಸೆಕ್ಷನ್ನಿಗೆ ಓವರ್‌ಸಿಯರ್ ಆಗಿ ಬಂದದ್ದು ಐವತ್ತರ ದಶಕದ ಮೊದಲಲ್ಲಿ. ಜೀಪು ಇರುವುದು ಸಾಹೇಬರಿಗೆ. ನಮಗೆ ಸೈಕಲ್ಲು, ಅದೂ ನಮ್ಮದೇ. ರಸ್ತೆಯೆಂದರೆ ಜಲ್ಲಿಯ ಮೇಲೆ ಗೊರಚು ಮಣ್ಣು ಹಾಸಿ ಗುಂಡು ಉರುಳಿಸಿದ ಕೆಂಪು ದಾರಿ. ಸುಗ್ಗಿ ಮುಗಿದ ಮೇಲೆ ಹತ್ತಿ ತುಂಬಿದ ಗಾಡಿಗಳು ಸಾಲುಗಟ್ಟಿ ದಾವಣಗೆರೆಯ ಮಿಲ್ಲುಗಳ ಕಡೆ ಹೊರಟರೆ, ಅವುಗಳ ಗಾಲಿಯ ಕಬ್ಬಿಣದ ಪಟ್ಟಿ ನಾವು ವರ್ಷವಿಡೀ ಮಾಡಿದ ಕೆಲಸವನ್ನು ಒಂದೇ ವಾರದಲ್ಲಿ ಕೊರೆದು ಹಾಕುತ್ತಿತ್ತು. ಗಾಡಿಯವರನ್ನು ಬೈದರೆ, "ಹತ್ತಿ ತಲಿ ಮ್ಯಾಲೆ ಹೊತ್ಕಂಡ್ ಹೋಗ್ಬೇಕೇನ್ರಿ?" ಎನ್ನುವರು. ಅವರು ಹೇಳುವುದೂ ಸರಿಯೇ.

ಆಗ ಮೈಲಿಗೊಬ್ಬ ಕೂಲಿಯವನಿದ್ದ. ಅವನ ಮೈಲಿ ಅವನ ಮನೆಯಿದ್ದಂತೆ. ಗುಂಡಿ ಮುಚ್ಚುವುದು, ಚರಂಡಿ ಬಿಡಿಸುವುದು, ಸಾಲುಮರಕ್ಕೆ ಮುಳ್ಳು ಕಟ್ಟುವುದು, ಮೈಲಿಗಲ್ಲಿಗೆ ಸುಣ್ಣ ಬಳಿಯುವುದು ಎಲ್ಲ ಅವನದೇ. ಅವರ ಮೇಲೆ ದುರುಗಪ್ಪ ಎಂಬ ಮೇಸ್ತ್ರಿ. ದುರುಗಪ್ಪನ ಮೀಸೆ ಕಂಡರೆ ರಸ್ತೆಯೇ ತಾನಾಗಿ ಸಮವಾಗುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಇವರಲ್ಲಿ ಓದು ಬಂದವರು ಇರಲಿಲ್ಲವೆಂದೇ ಹೇಳಬೇಕು. ಹೀಗಾಗಿ ಕೆಲಸ ಹೇಳುವಾಗ ಕಣ್ಣಿಗೆ ಕಾಣುವ ಗುರುತು ಹಿಡಿದು ಹೇಳಬೇಕಿತ್ತು. ಹೇಳಿದರೆ, ಹೇಳಿದಷ್ಟನ್ನು ಹೇಳಿದಂತೆಯೇ ಮಾಡಿ ಮುಗಿಸುವರು. ಅದು ಅವರ ಗುಣ. ನಮ್ಮ ಪ್ರಾಣಸಂಕಟವೂ ಅದೇ.

ಒಮ್ಮೆ ಮಂತ್ರಿಗಳ ಪ್ರವಾಸ. "ರಸ್ತೆ ಬದಿ ಇರೋ ಕಲ್ಲೆಲ್ಲ ನಾಳೆ ಬೆಳ್ಳಗೆ ಇರಬೇಕು" ಎಂದು ಹೇಳಿ ಸೈಕಲ್ ಹತ್ತಿದೆ. ಮರುದಿನ ನೋಡಿದರೆ ಮೈಲಿಗಲ್ಲು ಬೆಳ್ಳಗೆ, ಹೊಲದ ಬಾಂದುಗಲ್ಲು ಬೆಳ್ಳಗೆ, ಕೆರೆ ಏರಿಯ ಮೇಲೆ ಹೆಂಗಸರು ಬಟ್ಟೆ ಒಗೆಯುವ ಬಂಡೆ ಬೆಳ್ಳಗೆ. ಹರಿಹರದ ಹತ್ತಿರ ಒಬ್ಬ ಒರಳುಕಲ್ಲು ಮಾರಲು ಇಟ್ಟುಕೊಂಡು ಮರದಡಿ ಮಲಗಿದ್ದನಂತೆ. ಎದ್ದು ನೋಡಿದರೆ ಅವನ ಮಾಲೂ ಬೆಳ್ಳಗೆ! "ಕಲ್ಲೆಲ್ಲ ಅಂದಿದ್ರಲ್ರಿ" ಎಂದ ದುರುಗಪ್ಪ. ಮಂತ್ರಿಗಳು ಮಾತ್ರ ಈ ತಾಲ್ಲೂಕಿನ ಶುಚಿತ್ವವನ್ನು ಬಹಳ ಹೊಗಳಿದರಂತೆ.

ಇನ್ನು ನಮ್ಮ ಮೇಲಿನ ಸಾಹೇಬರು. ಎಕ್ಸಿಕ್ಯೂಟಿವ್ ಇಂಜಿನಿಯರು, ಮೈಸೂರು ಕಡೆಯವರು. ಹೆಸರು ರಾಮಸ್ವಾಮಿ ಎಂದಿದ್ದರೂ ಗ್ಯಾಂಗಿನವರು ಕರೆಯುತ್ತಿದ್ದದ್ದು 'ತೂಗುಗುಂಡಿನ ಸಾಹೇಬ್ರು' ಎಂದು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗಾರೆಯವರು ದಾರಕ್ಕೆ ಕಟ್ಟಿ ಇಳಿಬಿಡುವ ಹಿತ್ತಾಳೆಯ ಗುಂಡು ಇವರ ಕೋಟಿನ ಜೇಬಿನಲ್ಲಿ ಸದಾ ಇರುತ್ತಿತ್ತು. ಜೀಪು ನಿಲ್ಲಿಸುವರು, ಇಳಿಯುವರು, ಜೇಬಿಗೆ ಕೈ ಹಾಕುವರು. ಮೋರಿಯ ಗೋಡೆಯಾಗಲಿ, ಮೈಲಿಗಲ್ಲಾಗಲಿ, ಕೂದಲೆಳೆಯಷ್ಟು ವಾಲಿದ್ದರೂ "ಕೀಳಿಸಿ, ಮತ್ತೆ ನೆಡಿಸಿ." ಅಷ್ಟೇ ಮಾತು. ಕೂಗಾಟವಿಲ್ಲ, ಬೈಗುಳವಿಲ್ಲ. ಬೈದಿದ್ದರೆ ವಾಸಿಯಿತ್ತು ಎನಿಸುತ್ತಿತ್ತು. ಅವರ ಮಾವನ ಮನೆಯಲ್ಲಿ ಗೋಡೆ ಗಡಿಯಾರ ಸೊಟ್ಟಗಿತ್ತೆಂದು ಊಟಕ್ಕೆ ಮೊದಲು ಏಣಿ ತರಿಸಿದ್ದರು ಎಂಬ ಕಥೆಯನ್ನು ನಮ್ಮ ಗುಮಾಸ್ತ ಹಬ್ಬಿಸಿದ್ದ. ನಾನು ನಂಬಿದ್ದೆ.

ಇಂಥ ಕಾಲದಲ್ಲಿ, ಐವತ್ತರ ದಶಕದ ಕೊನೆಗೆ, ಒಂದು ದಿನ ಮೇಲಿನಿಂದ ಆದೇಶ ಬಂತು. ನಂದಿಗುಡಿಯಲ್ಲಿ ಹುಟ್ಟಿದ ಕಡಲ ವಿಜ್ಞಾನಿ ಡಾಕ್ಟರ್ ಹಾಲೇಶಪ್ಪನವರ ನೆನಪಿಗೆ, ಹರಿಹರದ ರಸ್ತೆಯಿಂದ ಆ ಊರಿಗೆ ತಿರುಗುವ ಕಡೆ, ಒಂದು ಸ್ಮಾರಕ ಕಲ್ಲು ನೆಡಬೇಕು. ಕಚೇರಿಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡೆವು. ನಮ್ಮ ಗುಮಾಸ್ತ, "ಸಮುದ್ರ ಎಲ್ಲೈತೆ, ನಂದಿಗುಡಿ ಎಲ್ಲೈತೆ? ಇಲ್ಲಿ ಇರಾದು ಭತ್ತದ ಗದ್ದಿ, ಮಠ, ದಿನಕ್ಕೆರಡು ಬಸ್ಸು" ಎಂದ. ನನಗೂ ಕುತೂಹಲ. ಅವರ ಅಣ್ಣ ಶೇಖರಪ್ಪ ದಾವಣಗೆರೆಯಲ್ಲಿ ಹತ್ತಿ ವ್ಯಾಪಾರಿ ಎಂದು ತಿಳಿದು, ಕಲ್ಲಿನ ಮೇಲೆ ಬರೆಸಬೇಕಾದ ವಿವರ ಕೇಳುವ ನೆಪದಲ್ಲಿ ಅವರ ಅಂಗಡಿಗೆ ಹೋದೆ.

ಶೇಖರಪ್ಪ ಹತ್ತಿ ಅಂಡಿಗೆಗಳ ನಡುವೆ ಗಾದಿಯ ಮೇಲೆ ಕೂತಿದ್ದರು. "ಬರ್ರಿ, ಕೂಡ್ರಿ" ಎಂದು ಮಂಡಕ್ಕಿ ತರಿಸಿದರು. ತಮ್ಮನ ವಿಷಯ ತೆಗೆದೊಡನೆ ಅವರ ವ್ಯಾಪಾರದ ದನಿ ಹೋಗಿ ಬೇರೆಯೇ ದನಿ ಬಂತು.

"ಸಣ್ಣೋನಿದ್ದಾಗ ಹೊಳಿ ದಂಡಿಗೆ ಕುಂತು ಬೇವಿನ ಎಲಿ ನೀರಿಗೆ ಬಿಡ್ತಿದ್ದ ನೋಡ್ರಿ. ಎಲಿ ಎಲ್ಲಿಗೆ ಹೋಗ್ತೈತೆ ಅಂತ ಕೇಳೋನು. ಸಮುದ್ರಕ್ಕೆ ಹೋಗ್ತೈತಪ ಅಂದ್ವಿ. ಅಲ್ಲಿಂದ ಎಲ್ಲಿಗೆ ಅಂದ. ನಮಗೇನು ಗೊತ್ತು? ಅದನ್ನ ಹುಡುಕ್ಕೊಂಡು ಹೋದ."

ಹಾಗೆ ಹೋದವರು ಮದರಾಸಿನಲ್ಲಿ ಓದಿ, ಹಡಗು ಹತ್ತಿ, ಆಳದ ನೀರಿಗೆ ಹಗ್ಗ ಕಟ್ಟಿ ಸೀಸೆಗಳನ್ನೂ ತಾಪಮಾಪಕಗಳನ್ನೂ ಇಳಿಬಿಟ್ಟು, ಮಳೆಗಾಲದ ಗಾಳಿ ತಿರುಗಿದಾಗ ಕಡಲಿನೊಳಗಿನ ಹರಿವು ಹೇಗೆ ತಿರುಗುತ್ತದೆ ಎಂದು ವರ್ಷಗಟ್ಟಲೆ ಅಳೆದವರು. ಈ ಕೆಲಸ ಹಿಡಿದ ನಮ್ಮ ನಾಡಿನ ಮೊದಲಿಗರಲ್ಲಿ ಅವರೊಬ್ಬರಂತೆ. ಕೊನೆಗೆ ಅಂಥದೇ ಒಂದು ಪಯಣದಲ್ಲಿ ಜ್ವರ ಬಂದು ಹಡಗಿನಲ್ಲೇ ತೀರಿಕೊಂಡರು. ದಡ ಬಹಳ ದೂರವಿತ್ತು. ಹಡಗಿನವರು ತಮ್ಮ ಪದ್ಧತಿಯಂತೆ ದೇಹವನ್ನು ನೀರಿಗೆ ಬಿಟ್ಟರು. ಊರಿಗೆ ಬಂದದ್ದು ಅವರ ಪೆಟ್ಟಿಗೆ ಮಾತ್ರ.

"ನಮ್ಮವ್ವ ಆವತ್ತಿಂದ ಹೊಳಿ ಕಡಿ ಹೋಗಿಲ್ರಿ" ಎಂದು ಶೇಖರಪ್ಪ ಮಂಡಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ಕಲ್ಲನ್ನು ಹರಿಹರದ ಕಲ್ಲುಕುಟಿಗರೊಬ್ಬರು ಕೆತ್ತಿದರು. ಅವರಿಗೆ ಇಲಾಖೆಯ ಕೆಲಸವೆಂದರೆ ಮೈಲಿಗಲ್ಲು. ನಕಾಶೆಯಲ್ಲಿ ಬೇರೆ ಆಕಾರ ಹೇಳಿರಲಿಲ್ಲವಾದ್ದರಿಂದ ತಲೆ ದುಂಡಗೆ ಮಾಡಿ, ಅದೇ ಆಕಾರದಲ್ಲಿ ಸ್ವಲ್ಪ ಎತ್ತರವಾಗಿ ಮಾಡಿಕೊಟ್ಟರು. ಅಕ್ಷರಗಳು ಮುದ್ದಾಗಿದ್ದವು. ಸಾಹೇಬರು ಬಂದು ನೋಡಿ, "ಇದನ್ನ ಮಣ್ಣಲ್ಲಿ ನೆಡಬೇಡಿ. ಎಮ್ಮೆ ಬಂದು ಮೈ ಉಜ್ಜಿದರೆ ವಾಲುತ್ತೆ. ಸಿಮೆಂಟು ಕಾಂಕ್ರೀಟು ಹಾಕಿ" ಎಂದರು. ಆಗ ಕಲ್ಲು ನೆಡಲು ಸಿಮೆಂಟು ಹಾಕುವುದು ಹೊಸ ವಿಷಯ. ನಾವೆಲ್ಲ ಗುಂಡಿ ತೋಡಿ, ಕಲ್ಲು ಇಳಿಸಿ, ಸುತ್ತ ಮಣ್ಣು ಚಿಪ್ಪುಗಲ್ಲು ಹಾಕಿ ದಿಮ್ಮಸು ಹೊಡೆಯುವವರು. ಅನಾವರಣ ಸಮಾರಂಭದ ಹಿಂದಿನ ದಿನವೇ ಕಾಂಕ್ರೀಟು ಹಾಕಿ ಕಲ್ಲು ನಿಲ್ಲಿಸಿದೆವು. ಸಾಹೇಬರು ನಾಲ್ಕೂ ಕಡೆ ಗುಂಡು ಇಳಿಬಿಟ್ಟು, ನಾನು ಅವರ ಕೈಕೆಳಗೆ ಕೆಲಸ ಮಾಡಿದಷ್ಟು ದಿನದಲ್ಲಿ ಮೊದಲ ಸಲ, "ಚೆನ್ನಾಗಿದೆ" ಎಂದರು. ನನಗೆ ಆಕಾಶಕ್ಕೆ ಮೂರೇ ಗೇಣು.

ಮರುದಿನ ಬೆಳಿಗ್ಗೆ ಶಾಮಿಯಾನ ಕಟ್ಟುತ್ತಿರುವಾಗ ಊರ ಕಡೆಯಿಂದ ವಯಸ್ಸಾದ ಹೆಂಗಸೊಬ್ಬರು ನಡೆದು ಬಂದರು. ಹಣೆ ತುಂಬ ವಿಭೂತಿ, ಸೆರಗಿನ ತುದಿಯಲ್ಲಿ ಏನೋ ಭಾರದ ಗಂಟು. ಶೇಖರಪ್ಪ, ಹಾಲೇಶಪ್ಪನವರ ತಾಯಿ ಕೊಟ್ರಮ್ಮ.

"ಗುಂಡಿ ಎಲ್ಲೈತ್ರಿ?" ಎಂದರು.

"ಯಾವ ಗುಂಡಿ ಅಮ್ಮಾ?"

"ಕಲ್ಲು ನೆಡಾದು."

"ಅದನ್ನ ನಿನ್ನೇನೇ ತುಂಬಿಬಿಟ್ಟಿವಿ. ಸಿಮೆಂಟು ಹಾಕೀವಿ. ಎಮ್ಮಿ ಬಂದು ಗುದ್ದಿದ್ರೂ ಅಲ್ಲಾಡಂಗಿಲ್ಲ" ಎಂದು ಹೆಮ್ಮೆಯಿಂದ ಹೇಳಿದೆ.

ಅವರು ಬಗ್ಗಿ ಕಲ್ಲಿನ ಬುಡ ಮುಟ್ಟಿ ನೋಡಿದರು. ಸುತ್ತಲೂ ಬೆರಳಾಡಿಸಿದರು. "ಒಂದೀಟೂ ಸಂದಿ ಇಲ್ಲೇನ್ರಿ?" ಎಂದರು.

ನನಗೆ ಅರ್ಥವಾಗಲಿಲ್ಲ. ಹಿಂದೆ ನಿಂತಿದ್ದ ದುರುಗಪ್ಪ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. "ಸಾಹೇಬ್ರೆ, ಆ ಯಮ್ಮ ಮಣ್ಣು ಕೊಡಾಕೆ ಬಂದೈತೆ" ಎಂದ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ 'ಮಣ್ಣಿಗೆ ಹೋಗಿ ಬಂದೆ' ಎನ್ನುತ್ತೇವೆ. ಸಮಾಧಿಯಲ್ಲಿ ಕೂರಿಸಿದವರಿಗೆ ಹೆತ್ತವರು, ಒಡಹುಟ್ಟಿದವರು, ಊರವರು, ಕೊನೆಗೆ ದಾರಿಯಲ್ಲಿ ಹೋಗುವವನೂ ಮೂರು ಹಿಡಿ ಮಣ್ಣು ಹಾಕಿ ಬರಬೇಕು. ಎಂಥ ಜಗಳವಿದ್ದರೂ ಮಣ್ಣಿಗೆ ಹೋಗದೆ ಇರಬಾರದು ಎಂಬುದು ನಮ್ಮವರ ಮಾತು. ಮಗನಿಗೆ ಮಣ್ಣು ಕೊಡುವ ಸಂಕಟ ಯಾವ ತಾಯಿಗೂ ಬೇಡ; ಕೊಡಲೂ ಆಗದ ಸಂಕಟ ಅದಕ್ಕಿಂತ ದೊಡ್ಡದು ಎಂದು ನನಗೆ ಅಂದು ತಿಳಿಯಿತು. ಕಲ್ಲು ನೆಡುತ್ತಾರೆ, ಗುಂಡಿ ತೋಡುತ್ತಾರೆ ಎಂದು ಕೇಳಿ ಆಕೆ ತಮ್ಮ ಗದ್ದೆಯ ಮಣ್ಣನ್ನು ಗಂಟು ಕಟ್ಟಿಕೊಂಡು ಬಂದಿದ್ದರು.

ಸಾಹೇಬರ ಬಳಿ ಹೋಗಿ ಹೇಳಿದೆ. ಅವರು ಕಲ್ಲನ್ನೂ ಆಕೆಯನ್ನೂ ನೋಡಿದರು. "ಈಗ ಒಡೆದರೆ ಕಲ್ಲು ನಿಲ್ಲಲ್ಲ ರೀ. ಇನ್ನೇನು ಜನ ಬರೋ ಹೊತ್ತು" ಎಂದರು. ಅದೂ ನಿಜವೇ. ಆಕೆಗೆ ಕೇಳಿಸಿರಬೇಕು. "ಬ್ಯಾಡ ಬಿಡ್ರಿ, ಗೊತ್ತಿಲ್ದೆ ಬಂದೆ" ಎಂದು ಗಂಟನ್ನು ಬಿಗಿಯಾಗಿ ಕಟ್ಟಿಕೊಂಡು ಶಾಮಿಯಾನದ ಹಿಂದಿನ ಸಾಲಿನಲ್ಲಿ ಹೋಗಿ ಕೂತರು. ದೊಡ್ಡವರು ಬಂದರು, ಮಾತಾಡಿದರು, ಹಾರ ಹಾಕಿದರು. ಆಕೆ ಕಲ್ಲಿನ ಬುಡವನ್ನೇ ನೋಡುತ್ತ ಕೂತಿದ್ದರು. ಮಣ್ಣನ್ನು ವಾಪಸ್ಸು ಒಯ್ದರು.

ಆಮೇಲೆ ಆ ದಾರಿಯಲ್ಲಿ ಸೈಕಲ್ಲಿನಲ್ಲಿ ಹೋಗುವಾಗಲೆಲ್ಲ ಎಷ್ಟೋ ಸಲ ಆಕೆಯನ್ನು ಕಂಡಿದ್ದೇನೆ. ಬಸ್ಸಿಗೆ ಬಂದವರು ಬಸ್ಸು ಹೋದಮೇಲೂ ಕಲ್ಲಿನ ಹತ್ತಿರ ನಿಂತಿರುವರು. ನಾನು ಇಳಿದು ಮಾತಾಡಿಸಿದರೆ, "ನಿಮ್ಮ ಸಿಮೆಂಟು ಭಾಳ ಗಟ್ಟಿ ಐತ್ರಿ" ಎಂದು ನಗುವರು. ಆ ನಗುವಿನಲ್ಲಿ ಕುಹಕವಿರಲಿಲ್ಲ. ಅದಕ್ಕೇ ನನಗೆ ಹೆಚ್ಚು ಕಷ್ಟವಾಗುತ್ತಿತ್ತು.

ಅರವತ್ತರ ದಶಕ ಬಂತು. ಮೈಲಿ ಹೋಗಿ ಕಿಲೋಮೀಟರ್ ಬಂತು. ನಮ್ಮ ಗ್ಯಾಂಗಿಗೆ ಅದೊಂದು ದೊಡ್ಡ ಗೊಂದಲ. "ದಾವಣಗೆರಿ ಎಲ್ಲೈತೋ ಅಲ್ಲೇ ಐತೆ, ಮತ್ಯಾಕ ದೂರ ಜಾಸ್ತಿ ಆತು?" ಎಂದು ದುರುಗಪ್ಪ ಕೇಳಿದರೆ ಉತ್ತರಿಸಲು ನನಗೂ ಸಾಕಾಗುತ್ತಿತ್ತು. ಹಳೆಯ ಮೈಲಿಗಲ್ಲುಗಳನ್ನೆಲ್ಲ ಕಿತ್ತು ಹರಿಹರದ ನಮ್ಮ ಯಾರ್ಡಿನಲ್ಲಿ ಒಟ್ಟಬೇಕು, ಹೊಸವನ್ನು ನೆಡಬೇಕು. ಆ ಹೊತ್ತಿಗೆ ನನ್ನನ್ನು ಒಂದು ಸೇತುವೆ ಕೆಲಸದ ಮೇಲೆ ಬೇರೆ ಕಡೆ ಹಾಕಿದ್ದರು. ಕೀಳುವ ಕೆಲಸಕ್ಕೆ ಆವರಗೆರೆ ಕಡೆಯ ಇನ್ನೊಂದು ಗ್ಯಾಂಗು ಬಂತು. ಅವರ ಮೇಸ್ತ್ರಿ ಸಣ್ಣೀರಪ್ಪ ತನ್ನವರಿಗೆ ಗುರುತು ಹೇಳಿದ್ದ: "ದುಂಡು ತಲಿ ಕಂಡ್ರೆ ಕೀಳ್ರಿ."

ಕಿತ್ತರು. ನಂದಿಗುಡಿ ತಿರುವಿನಲ್ಲಿದ್ದ ದುಂಡು ತಲೆಯನ್ನೂ ಕಿತ್ತರು. ನಾನು ವಾಪಸ್ಸು ಬಂದ ದಿನ ಸಣ್ಣೀರಪ್ಪನೇ ಎದುರಾಗಿ ಹೇಳಿದ. "ಎಲ್ಲಾ ಜಲ್ದಿ ಬಂದ್ವು ಸಾಹೇಬ್ರೆ. ನಂದಿಗುಡಿ ತಿರುವಿನಾಗ ಒಂದೈತಲ್ಲ, ಅದು ಮಾತ್ರ ನಮ್ಮಪ್ಪನ್ನ ಕಾಣಿಸ್ತು. ಯಾವ ಪುಣ್ಯಾತ್ಮ ಸಿಮೆಂಟು ಹಾಕಿದ್ನೋ! ಕಬ್ಬಿಣದ ಹಾರಿ ಎರಡು ಬಗ್ಗಿದ್ವು." ಅವನ ಮುಖದಲ್ಲಿ ಶಹಬ್ಬಾಸ್‌ಗಿರಿಯ ನಿರೀಕ್ಷೆಯಿತ್ತು. ಸೈಕಲ್ ತಿರುಗಿಸಿದೆ.

ತಿರುವಿನಲ್ಲಿ ಕಲ್ಲಿರಲಿಲ್ಲ. ಒಡೆದ ಕಾಂಕ್ರೀಟಿನ ತುಂಡುಗಳು ಬಿದ್ದಿದ್ದವು, ನಡುವೆ ಬಾಯಿ ತೆರೆದ ಗುಂಡಿ. ಗುಂಡಿಯ ಪಕ್ಕದಲ್ಲಿ ಗೋಣಿಚೀಲ ಹಾಸಿಕೊಂಡು ಕೊಟ್ರಮ್ಮ ಕೂತಿದ್ದರು. ಬೈಯುತ್ತಾರೆ, ಅಳುತ್ತಾರೆ ಎಂದು ಹೆದರುತ್ತಲೇ ಹತ್ತಿರ ಹೋದೆ.

"ಬಂದ್ರೇನ್ರಿ? ಇದನ್ನ ಯಾರಾರ ಮುಚ್ಚಿಗಿಚ್ಚಿ ಬಿಟ್ಟಾರು ಅಂತ ಕುಂತೀನಿ" ಎಂದರು. "ಮುಚ್ಚಬ್ಯಾಡ್ರಪ್ಪ. ಮನಿಯಿಂದ ಮಣ್ಣು ತರ್ತೀನಿ."

"ಇನ್ನೂ ಇಟ್ಟೀರೇನಮ್ಮ ಆ ಮಣ್ಣ?"

"ಮತ್ತೇನು ಚೆಲ್ಲಾಕೆ ಬರ್ತೈತಾ?" ಎಂದರು. ದೇವರ ಮನೆಯ ಗೂಡಿನಲ್ಲಿ ಕುಡಿಕೆಗೆ ಹಾಕಿ ಇಟ್ಟಿದ್ದರಂತೆ.

ಯಾರ್ಡಿನಲ್ಲಿ ಕಿತ್ತ ಕಲ್ಲುಗಳ ಗುಡ್ಡೆಯೇ ಬಿದ್ದಿತ್ತು, ಎಲ್ಲ ಮಕಾಡೆ. ದುರುಗಪ್ಪನೂ ನಾನೂ ಸಣ್ಣೀರಪ್ಪನ ಗ್ಯಾಂಗೂ ಒಂದೊಂದೇ ಮಗುಚಿದೆವು. ಹಾಲೇಶಪ್ಪನವರ ಹೆಸರು ಕಂಡಾಗ ಕೈ ಮುಗಿದೆ. ಕಲ್ಲಿಗೆ ಏನೂ ಆಗಿರಲಿಲ್ಲ. ಸಣ್ಣೀರಪ್ಪನಿಗೆ ಅಷ್ಟರಲ್ಲಿ ಎಲ್ಲ ಗೊತ್ತಾಗಿ, ತನ್ನ ಟವೆಲ್ಲಿನಿಂದಲೇ ಅದರ ಅಕ್ಷರಗಳ ಮಣ್ಣು ಒರೆಸುತ್ತಿದ್ದ. ಸಂಜೆಯ ಹೊತ್ತಿಗೆ ಸಾಹೇಬರ ಜೀಪು ಬಂತು. ವಿಷಯ ಕೇಳಿದರು. ಮುಖ ಕೆಂಪಾಯಿತು, ಆದರೆ ಮಾತು ಎಂದಿನ ಎರಡೇ. "ಮತ್ತೆ ನೆಡಿಸಿ. ಸಿಮೆಂಟು ಬರೋ ತನಕ ಕಾಯಿರಿ." ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕಿತ್ತು, ಬರುವಷ್ಟರಲ್ಲಿ ಮಳೆಗಾಲ ಹಿಡಿದು ಗುಂಡಿಯೇ ಕುಸಿದು ಹೋಗುತ್ತಿತ್ತು.

ಅವರು ಒಮ್ಮೆ ಹೇಳಿದ ಮೇಲೆ ಬಾಯಿ ಬಿಡುವ ಧೈರ್ಯ ನನಗೆ ಎಂದೂ ಇರಲಿಲ್ಲ. ಅಂದು ಬಿಟ್ಟೆ. "ಸಾರ್, ಆ ತಾಯಿ ಗುಂಡಿ ಕಾಯ್ತಾ ಕೂತಿದಾರೆ" ಎಂದೆ.

ಸಾಹೇಬರು ಬಗ್ಗಿ ಕಲ್ಲಿನ ಮೇಲಿನ ಹೆಸರನ್ನು ಓದಿದರು. ಆಮೇಲೆ, "ಗುಂಡಿ ಇನ್ನೊಂದಡಿ ಆಳ ಮಾಡಿಸಿ. ಮಣ್ಣಲ್ಲೇ ನಿಲ್ಲಿಸೋಣ" ಎಂದರು.

ಮರುದಿನ ಶಾಮಿಯಾನವಿರಲಿಲ್ಲ, ಭಾಷಣವಿರಲಿಲ್ಲ. ಕೊಟ್ರಮ್ಮ ಕುಡಿಕೆ ಹಿಡಿದು ಬಂದರು, ಶೇಖರಪ್ಪ ಅಂಗಡಿ ಮುಚ್ಚಿ ಬಂದರು. ಕಲ್ಲನ್ನು ಹಗ್ಗ ಹಾಕಿ ಇಳಿಸಿ ನಾಲ್ವರು ಹಿಡಿದುಕೊಂಡರು. ಆಕೆ ಗುಂಡಿಯ ಅಂಚಿಗೆ ಕೂತು ವಿಭೂತಿ ಬಿಟ್ಟರು, ಬಿಲ್ವಪತ್ರೆ ಬಿಟ್ಟರು. ಕುಡಿಕೆಯ ಮಣ್ಣನ್ನು ಮೂರು ಹಿಡಿ ಮಾಡಿ ಒಂದೊಂದಾಗಿ ಹಾಕಿದರು. ಮೂರನೆಯದನ್ನು ಹಾಕುವಾಗ ಕೈ ಬಿಚ್ಚಲೇ ಇಲ್ಲ. ಶೇಖರಪ್ಪ ಪಕ್ಕದಲ್ಲಿ ಕೂತು, "ಬಿಡವ್ವಾ" ಎಂದರು. ಬಿಟ್ಟರು. ಆಮೇಲೆ ಅತ್ತರು.

ಅಣ್ಣ ಮಣ್ಣು ಹಾಕಿದರು, ನಾನು ಹಾಕಿದೆ, ದುರುಗಪ್ಪ ಹಾಕಿದ. ಸಣ್ಣೀರಪ್ಪ ಆಕೆಯ ಕಾಲಿಗೆ ಬಿದ್ದ. "ತಪ್ಪಾತು ತಾಯಿ, ಕಣ್ಣಿದ್ದೂ ಕುಲ್ಡ ನಾನು" ಎಂದ.

"ಯಾರಂದ್ರೋ ತಪ್ಪು ಅಂತ? ಏಳು ಮ್ಯಾಕೆ. ನೀ ಕೀಳದಿದ್ರೆ ನಾ ಹೆಂಗೆ ಕೊಡ್ತಿದ್ದೆ? ಹಾಕು, ನೀನೂ ಹಾಕು" ಎಂದರು ಕೊಟ್ರಮ್ಮ.

ಕೊನೆಗೆ ಸಾಹೇಬರು ಮುಂದೆ ಬಂದರು. ಷೂ ಬಿಚ್ಚಿ ಪಕ್ಕಕ್ಕಿಟ್ಟು ಮೂರು ಹಿಡಿ ಹಾಕಿದರು. ಜೀಪಿನ ಡ್ರೈವರು ಕೈ ತೊಳೆಯಲು ನೀರಿನ ಚೊಂಬು ತಂದರೆ ಬೇಡವೆಂದು ಸನ್ನೆ ಮಾಡಿ ಮಣ್ಣಿನ ಕೈಯಲ್ಲೇ ಹೋದರು. ಅವರ ಬಗ್ಗೆ ಗಡಿಯಾರದ ಕಥೆ ಹೇಳುತ್ತಿದ್ದ ನಮ್ಮ ಗುಮಾಸ್ತ ಆಮೇಲೆ ಆ ಕಥೆ ಹೇಳುವುದನ್ನು ಬಿಟ್ಟ.

ಮಣ್ಣು ಎಷ್ಟಾದರೂ ಮಣ್ಣು. ಆ ಮಳೆಗಾಲ ಕಳೆಯುವಷ್ಟರಲ್ಲಿ ಕಲ್ಲು ಸ್ವಲ್ಪ ಒಂದು ಕಡೆಗೆ ವಾಲಿತು. ಎಮ್ಮೆಗಳೂ ತಮ್ಮ ಪಾಲಿನ ಕೆಲಸ ಮಾಡಿದ್ದವು. ಸಾಹೇಬರ ಇನ್‌ಸ್ಪೆಕ್ಷನ್ ಹತ್ತಿರ ಬಂತು. ಹಾರೆ, ದಿಮ್ಮಸು ಹಿಡಿದು ಗ್ಯಾಂಗಿನೊಡನೆ ಹೋದೆ. ಕೊಟ್ರಮ್ಮ ಅಲ್ಲೇ ಇದ್ದರು.

"ಏನ್ ಮಾಡಾಕೆ ಬಂದ್ರಿ?"

"ಕಲ್ಲು ವಾಲೈತಮ್ಮ. ನೆಟ್ಟಗೆ ಮಾಡ್ತೀವಿ."

"ಬ್ಯಾಡ್ರಿ" ಎಂದರು. "ಅವ್ನು ಕುಂತ್ರೂ ಹಿಂಗೇ ಒಂದು ಕಡಿ ವಾಲಿ ಕೂಡ್ತಿದ್ದ. ಎಷ್ಟು ಬೈದ್ರೂ ನೆಟ್ಟಗೆ ಕೂಡ್ಲಿಲ್ಲ. ಇರ್ಲಿ ಬಿಡ್ರಿ, ಆರಾಮಾಗಿ ಕುಂತಾನೆ."

ಹಾರೆ ಹೆಗಲಿಗೇರಿಸಿ ವಾಪಸ್ಸು ಬಂದೆವು. ಇನ್‌ಸ್ಪೆಕ್ಷನ್ ದಿನ ನಾನು ಸಾಹೇಬರ ಜೀಪಿನ ಹಿಂದಿನ ಸೀಟಿನಲ್ಲಿದ್ದೆ. ತಿರುವು ಬಂದೊಡನೆ ಅವರು ಜೀಪು ನಿಲ್ಲಿಸಿದರು, ಇಳಿದರು. ಕಲ್ಲಿನ ಎದುರು ನಿಂತರು. ಕೈ ಕೋಟಿನ ಜೇಬಿಗೆ ಹೋಯಿತು. ಆಕೆಯ ಮಾತನ್ನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕೈ ಜೇಬಿನಿಂದ ಹೊರಗೆ ಬಂತು. ಖಾಲಿ ಕೈ. ಅದರಿಂದಲೇ ಕಲ್ಲಿನ ದುಂಡು ತಲೆಯನ್ನೊಮ್ಮೆ ಸವರಿ, "ನಡೀರಿ" ಎಂದರು. ವರ್ಗವಾಗಿ ಹೋಗುವ ತನಕ ಪ್ರತಿ ಸಲವೂ ಅಲ್ಲಿ ನಿಲ್ಲಿಸುತ್ತಿದ್ದರು. ಗುಂಡು ಒಮ್ಮೆಯೂ ಹೊರಗೆ ಬರಲಿಲ್ಲ.

ಈಗ ಅವರಿಲ್ಲ, ಕೊಟ್ರಮ್ಮನೂ ಇಲ್ಲ, ದುರುಗಪ್ಪನ ಮೀಸೆಯೂ ಇಲ್ಲ. ಸುಮಾ, ನಿನಗೆ ಹರಿಹರದ ಸೆಕ್ಷನ್ನು ಸಿಕ್ಕರೂ ಸಿಗಬಹುದು. ನಂದಿಗುಡಿ ತಿರುವಿನಲ್ಲಿ ಬಸ್ಸಿಳಿದರೆ ದುಂಡು ತಲೆಯ ಕಲ್ಲೊಂದು ಕಾಣುತ್ತದೆ, ಕಡಲನ್ನು ಅಳೆದವರ ಹೆಸರು ಅದರ ಮೇಲಿದೆ. ವಾಲಿದೆ ಎಂದು ಯಾರಾದರೂ ಅರ್ಜಿ ಕೊಟ್ಟಾರು. ನಿನ್ನ ಕೈಯಲ್ಲಿ ಈಗ ನನ್ನ ಕಾಲದಲ್ಲಿ ಇಲ್ಲದ ಯಂತ್ರಗಳಿವೆ. ಒಂದು ಗಳಿಗೆಯಲ್ಲಿ ನೆಟ್ಟಗೆ ಮಾಡಿಬಿಡಬಲ್ಲೆ. ಮಾಡಬೇಡ. ಅದರ ಬುಡದಲ್ಲಿ ಒಬ್ಬ ತಾಯಿ ಮಗನಿಗೆ ಕೊಟ್ಟ ಮಣ್ಣಿದೆ.